ಒಂದೇ ಅಳತೆಯ ಗುಳ್ಳೆಗಳು

ಉದಗೀರ
ಶನಿವಾರ, ೧೪ ಜುಲೈ ೨೦೧೮

ಪ್ರೀತಿಯ ಸ್ನೇಹಲ್,

ದೊಡ್ಡವರು ಸಣ್ಣವರಿಗೆ ಬರೆಯುವಾಗ ಆಶೀರ್ವಾದದಿಂದ ಸುರು ಮಾಡುತ್ತಾರೆ. ಈ ಸಲ ನಾನು ನಿನಗೆ ಶರಣು ಎಂದು ಬರೆದು ಸುರು ಮಾಡುತ್ತೇನೆ. ಆಶೀರ್ವಾದವನ್ನು ಕೊನೆಗೆ ಇಟ್ಟಿದ್ದೇನೆ. ಬೇಕೋ ಬೇಡವೋ ಎಂಬುದನ್ನು ಆಗ ನೀನೇ ನೋಡು.

ನಿನ್ನ ಪತ್ರ ಬಂದು ಇಪ್ಪತ್ತೆರಡು ದಿನವಾಯಿತು. ತಡವಾದದ್ದಕ್ಕೆ ಸಬೂಬು ಹೇಳುವುದಿಲ್ಲ. ಕಳೆದ ಭಾನುವಾರ, ಪತ್ರ ಬೇಡ, ಎದುರಿಗೆ ಕೂತು ಮಾತಾಡೋಣ ಎಂದು ನಿಲಂಗಾ ಬಸ್ಸು ಹತ್ತಿದೆ. ಶಿರೂರ ಅನಂತಪಾಳದಲ್ಲಿ ಬಸ್ಸು ನಿಂತಾಗ ಇಳಿದುಬಿಟ್ಟೆ. ಕಂಡಕ್ಟರ್ "ಬಾಯೀ, ನಿಲಂಗಾ ಇನ್ನಾ ಮುಂದ ಅದರಿ" ಎಂದ. ಗೊತ್ತು ಎಂದೆ. ಸ್ಟ್ಯಾಂಡಿನ ಕಟ್ಟೆಯ ಮೇಲೆ ಒಂದು ತಾಸು ಕೂತು, ಉದಗೀರದ ಬಸ್ಸು ಬಂದಾಗ ಎದ್ದು ಹತ್ತಿದೆ. ನೀನು ಈಗ ಇರುವ ಶುಭಾಂಗಿಯ ಮನೆ ಇನ್ನು ಒಂದೇ ತಾಸಿನ ದಾರಿ ಇತ್ತು. ನೀನು ಬಾಗಿಲು ತೆಗೆದು "ಅವ್ವಾ" ಎಂದರೆ ನಾನು ಏನು ಮಾಡಬೇಕು ಎಂದು ತಿಳಿಯಲಿಲ್ಲ.

ಇದನ್ನು ನಾನು ಕೆಲಸ ಮಾಡುವ ಕಾಲೇಜಿನ ಗ್ರಂಥಾಲಯದಲ್ಲಿ ಕೂತು ಬರೆಯುತ್ತಿದ್ದೇನೆ. ಕನ್ನಡದಲ್ಲಿ ಯಾಕೆ ಎಂದು ನಿನಗೆ ಗೊತ್ತು. ನಿಮ್ಮಪ್ಪನಿಗೂ ನನ್ನ ಅತ್ತೆ, ನಿಮ್ಮ ಆಯಿಗೂ ಬಾಯಿತುಂಬ ಕನ್ನಡ, ಓದು ಬರಹ ಮಾತ್ರ ಮರಾಠಿ. ಉಮರ್ಗಾದಿಂದ ಗುಲಬರ್ಗಾಕ್ಕೆ ಹೋಗಿ ಕನ್ನಡ ಎಂ.ಎ. ಮಾಡಿ ಬಂದ ಸೊಸೆಗೆ "ಅದರಿಂದ ಜ್ವಾಳದ ಚೀಲ ತೂಗ್ಲಿಕ್ಕಿ ಬರ್ತದೇನು?" ಎಂದು ನಮ್ಮ ಕಾಳಿನ ಅಡತ್ ಅಂಗಡಿಯಲ್ಲಿ ಎಲ್ಲರೂ ನಕ್ಕಿದ್ದರು. ನೀನು ಕವಿತೆ ಓದಲಿ ಎಂದು ಪಾಟಿಯ ಮೇಲೆ ನಿನಗೆ ಈ ಅಕ್ಷರ ತಿದ್ದಿಸಿದೆ. ಕವಿತೆ ಉಳಿಯಿತೋ ಇಲ್ಲವೋ, ಆ ಮನೆಯಲ್ಲಿ ಯಾರೂ ಓದಲಾಗದ ಒಂದು ಕಾಗದ ಬರೆಯುವಷ್ಟು ಅಕ್ಷರ ನಮ್ಮಿಬ್ಬರ ನಡುವೆ ಉಳಿದಿದೆ.

ಮೊದಲು ಅವಸರದ ಮಾತು. ಹಣೆಯ ಗಾಯ ಒಣಗಿದೆ, ಗುಳ್ಳೆ ಮಾತ್ರ ಹೋಗಿಲ್ಲ, ಮೆಡಿಕಲ್‌ನವನು ಕೊಟ್ಟ ಟ್ಯೂಬನ್ನೇ ಹಚ್ಚುತ್ತಿದ್ದಾಳೆ ಎಂದು ಶುಭಾಂಗಿ ಫೋನಿನಲ್ಲಿ ಹೇಳಿದಳು. ಆ ಟ್ಯೂಬನ್ನು ಇವತ್ತೇ ನಿಲ್ಲಿಸು. ತಲೆಗೆ, ಮೈಗೆ ಎಣ್ಣೆ ಹಚ್ಚಬೇಡ. ನಿನಗೆ ಆಗಿರುವುದು ಏನು ಎಂದು ನನಗೆ ಈಗ ಗೊತ್ತು. ಗೊತ್ತಾದದ್ದು ಹೇಗೆ ಎಂದು ಕೇಳಿದರೆ ನಿನಗೆ ಸಿಟ್ಟು ಬರುತ್ತದೆ. ಬರಲಿ.

ವೈಭವನಿಗೂ ಅದೇ ಬಂತು.

ನೀನು ಶುಭಾಂಗಿಯ ಮನೆಗೆ ಹೋಗಿ ಒಂದು ತಿಂಗಳಾಗಿತ್ತು. ನಿನ್ನ ತಮ್ಮ ಬೇಸಿಗೆಯೆಲ್ಲ ಕುಸ್ತಿಯ ತಾಲೀಮಿಗೆ ಹೋಗಿ, ಮೈಗೆ ಎಣ್ಣೆ ತಿಕ್ಕಿಸಿಕೊಂಡು, ಬೆವರಿನ ಬನಿಯನ್ನಿನಲ್ಲೇ ಅಂಗಡಿಯಲ್ಲಿ ಕೂತಿರುತ್ತಿದ್ದ. ಹಣೆಯ ಮೇಲೆ ಕೂದಲಿನ ಅಂಚಿಗೆ, ಎದೆಯ ಮೇಲೆ, ಸಣ್ಣ ಸಣ್ಣ ಗುಳ್ಳೆ ಎದ್ದವು. ಎದೆಯ ಮೇಲೆ ಲಿಂಗ ಇರುವ ಜಾಗದಲ್ಲಿ, ಹಣೆಗೆ ಈಬತ್ತಿ, ಅಂದರೆ ವಿಭೂತಿ, ಹಚ್ಚುವ ಜಾಗದಲ್ಲಿ. ನಿನಗೆ ಎಲ್ಲೆಲ್ಲಿ ಎದ್ದಿದ್ದವೋ ಅಲ್ಲಲ್ಲೇ. ಆಯಿ ಅವನ ಗದ್ದ ಹಿಡಿದು ನೋಡಿ, "ಪಾಪ, ಕೂಸಿಗಿ ಉಷ್ಣ ಆಗ್ಯಾದ. ಸೂರ್ಯಕಾಂತ, ಇವಂಗ ಲಾತೂರಿಗಿ ಒಯ್ದು ಚಲೋ ಡಾಕ್ಟರಗ ತೋರಸು" ಎಂದರು. ನಿಮ್ಮಪ್ಪ ಮರುದಿನವೇ ಗಾಡಿ ಹೇಳಿದ. ನಾನು ರೊಟ್ಟಿ ಬಡಿಯುತ್ತಿದ್ದೆ. ಕೈ ಹಿಟ್ಟಿನ ಮೇಲೆ ಹಾಗೇ ನಿಂತಿತು.

ಡಾಕ್ಟರು ಹೆಣ್ಣುಮಗಳು, ನನ್ನ ವಯಸ್ಸಿನವರು. ನಿಮ್ಮಪ್ಪ ಹೊರಗೆ ಫೋನಿನಲ್ಲಿದ್ದ. ವೈಭವನ ಅಂಗಿ ಬಿಚ್ಚಿಸಿ ದೀಪದ ಕೆಳಗೆ ನಿಲ್ಲಿಸಿ ನನ್ನನ್ನು ಹತ್ತಿರ ಕರೆದರು. ಅವರು ಮರಾಠಿಯಲ್ಲಿ ಹೇಳಿದ್ದನ್ನು ನಿನಗೆ ನಮ್ಮ ಮಾತಿನಲ್ಲಿ ಬರೆಯುತ್ತೇನೆ.

"ಇದರಲ್ಲಿ ದೊಡ್ಡ ಗುಳ್ಳೆ ಯಾವುದು, ಸಣ್ಣದು ಯಾವುದು, ತೋರಿಸಿ ನೋಡೋಣ" ಎಂದರು. ಹುಡುಕಿದೆ. ಒಂದೇ ಜರಡಿಯಿಂದ ಬಿದ್ದ ಸಾಸಿವೆಯ ಹಾಗೆ ಎಲ್ಲವೂ ಒಂದೇ ಅಳತೆ. "ನೋವೋ, ತುರಿಕೆಯೋ?" ಎಂದು ಅವನನ್ನು ಕೇಳಿದರು. ಬೆವರು ಬಂದರೆ ತುರಿಕೆ ತಡೆಯಲಾಗುವುದಿಲ್ಲ ಎಂದ. "ಇದು ಮೊಡವೆ ಅಲ್ಲ" ಎಂದರು. ಮೊಡವೆಯಾದರೆ ಒಂದು ಸಣ್ಣದು, ಒಂದು ದೊಡ್ಡದು, ಒಂದು ಕೀವು ತುಂಬಿದ್ದು, ಒಂದು ಚರ್ಮದೊಳಗೆ ಗಂಟಾಗಿ ಮುಟ್ಟಿದರೆ ನೋಯುವುದು, ನಡುನಡುವೆ ಕಪ್ಪು ತಲೆಯ ಚುಕ್ಕಿ; ಗಲ್ಲ, ಗದ್ದದ ಕಡೆಗೆ ಹೆಚ್ಚು. ಇದರಲ್ಲಿ ಕಪ್ಪು ಚುಕ್ಕಿಯೇ ಇಲ್ಲ. ಇದು ಕೂದಲ ಬುಡದಲ್ಲಿ ಬೆಳೆಯುವ ಬೂಷ್ಟು. ಒಂದು ಗುಳ್ಳೆಯನ್ನು ಕೆರೆದು ಗಾಜಿನ ಮೇಲೆ ಇಟ್ಟು, ಒಂದು ಹನಿ ಔಷಧಿ ಬಿಟ್ಟು, ಸೂಕ್ಷ್ಮದರ್ಶಕದಲ್ಲಿ ನನಗೂ ತೋರಿಸಿದರು. ದುಂಡನೆಯ ಬೀಜಗಳ ಗೊಂಚಲಿನಂತೆ ಕಂಡಿತು.

"ಎಣ್ಣೆಯೇ ಇದರ ಊಟ" ಎಂದರು. "ನೀವು ಎಷ್ಟು ಎಣ್ಣೆ ಹಚ್ಚುತ್ತೀರೋ ಅಷ್ಟು ಬೆಳೆಯುತ್ತದೆ. ಮೊಡವೆ ಎಂದು ತಿಳಿದು ಮೆಡಿಕಲ್‌ನವರು ಕ್ಯಾಪ್ಸೂಲ್ ಕೊಡುತ್ತಾರೆ, ಅದರಿಂದ ಇನ್ನೂ ಹೆಚ್ಚುತ್ತದೆ. ಬೆಳ್ಳಗಾಗುವ ಟ್ಯೂಬು ಕೊಡುತ್ತಾರೆ, ನಾಲ್ಕು ದಿನ ತಣ್ಣಗಾದಂತೆ ಕಂಡು ಆಮೇಲೆ ದುಪ್ಪಟ್ಟು ಏಳುತ್ತದೆ. ಉಜ್ಜಿದರಂತೂ ಕೇಳಲೇಬೇಡಿ."

ನಾನು ಕೇಳಿದೆ, "ಇದು ಯಾರನ್ನಾದರೂ ಮುಟ್ಟಿದರೆ ಬರುತ್ತದೆಯೇ?"

ಅವರು ನಕ್ಕರು. "ಇದು ನಿಮ್ಮ ಮೈಮೇಲೂ ಇದೆ, ನನ್ನ ಮೈಮೇಲೂ ಇದೆ. ಬೆವರು, ಎಣ್ಣೆ ಸಿಕ್ಕಾಗ ಕೆಲವರಲ್ಲಿ ಹೆಚ್ಚಾಗುತ್ತದೆ, ಅಷ್ಟೇ." ಆಮೇಲೆ ವೈಭವನನ್ನು ತಿರುಗಿಸಿ ನಿಲ್ಲಿಸಿದರು. "ನೋಡಿ, ಬೆನ್ನಿನ ಮೇಲೂ ಇದೆ. ಬೆನ್ನು ನೋಡಿದರೆ ಅರ್ಧ ಅನುಮಾನ ಅಲ್ಲೇ ಬಗೆಹರಿಯುತ್ತದೆ."

"ಹುಡುಗಿಯರಿಗೂ ಬರುತ್ತದೆಯೇ?"

"ಯಾಕೆ, ಮನೆಯಲ್ಲಿ ಇನ್ನೊಬ್ಬರಿಗೆ ಇದೆಯಾ? ಕರೆದುಕೊಂಡು ಬನ್ನಿ. ಹೆದರುವಂಥದ್ದು ಏನೂ ಇಲ್ಲ."

ಹೆದರುವಂಥದ್ದು ಏನೂ ಇಲ್ಲ. ಒಂದು ಶಾಂಪೂ, ಹದಿನಾಲ್ಕು ಗುಳಿಗೆ. ವೈಭವನ ಮೈ ಮೂರನೆಯ ವಾರಕ್ಕೆ ನುಣ್ಣಗಾಯಿತು.

ನಿನಗೆ ಗೊತ್ತಿರುವುದನ್ನೇ ಮತ್ತೆ ಬರೆಯುತ್ತೇನೆ, ತಾಳಿಕೊಂಡು ಓದು. ಅದನ್ನು ನನ್ನ ಕೈಯಿಂದ ಒಮ್ಮೆ ಬರೆಯಬೇಕಾಗಿದೆ. ನಿನಗೆ ಮೊದಲು ಎದ್ದದ್ದು ಮಾರ್ಚಿನಲ್ಲಿ. ಆಯಿ ಎರಡೇ ಕಡೆ ನೋಡಿದರು, ಹಣೆ ಮತ್ತು ಕೊರಳ ಕೆಳಗೆ. "ಈಬತ್ತಿ ಜಾಗಾ ಒಂದು, ಲಿಂಗದ ಜಾಗಾ ಒಂದು. ಬ್ಯಾರೆ ಎಲ್ಲೂ ಇಲ್ಲ. ಲಿಂಗ ಇಕಿ ಮೈ ಒಲ್ಲೆ ಅನ್ಲತ್ತದ. ಏನೋ ಮಾಡ್ಕೊಂಡಾಳ ಇಕಿ" ಎಂದರು. ಹಾಗೆ ಅಂದವರೇ ಈಬತ್ತಿಯನ್ನು ಕುಸುಬಿ ಎಣ್ಣೆಯಲ್ಲಿ ಕಲಸಿ ಒಂಬತ್ತು ದಿನ ಹಚ್ಚಿದರು. ನಿನ್ನ ಶಿವದಾರ ಎಣ್ಣೆಯಲ್ಲಿ ನೆನೆದು ಕಪ್ಪಾಯಿತು. ಬೂಷ್ಟಿಗೆ ನಾವು ದಿನಾ ಎರಡು ಹೊತ್ತು ಉಣಿಸಿದೆವು. ಅದು ಉಂಡು ಬೆಳೆಯಿತು. ಹತ್ತನೆಯ ದಿನ ಆಯಿಗೆ ಬೇರೆ ಪುರಾವೆ ಬೇಕಾಗಲಿಲ್ಲ.

ಏಪ್ರಿಲಿನ ಆ ಶನಿವಾರ ನಿಮ್ಮಪ್ಪ ಮಧ್ಯಾಹ್ನ ಊಟಕ್ಕೆ ಬಂದವನು ಊಟ ಮಾಡದೆ ಬೆಲ್ಟು ತೆಗೆದ. "ಯಾರಂವಾ? ಹೆಸರು ಹೇಳು" ಎಂದು ಎಷ್ಟು ಸಲ ಕೇಳಿದ ಎಂಬುದು ನಿನ್ನ ಬೆನ್ನ ಕೆಳಗೆ, ಮೊಣಕಾಲ ಹಿಂದೆ ಎಣಿಸುವ ಹಾಗೆ ಇತ್ತು. ಆಯಿ ನಿನ್ನ ಕೊರಳಿನಿಂದ ಲಿಂಗ ಕಿತ್ತುಕೊಂಡರು. ಶಿವದಾರ ಹರಿದು ಕೊರಳ ಹಿಂದೆ ಚರ್ಮ ಸುಲಿಯಿತು. ಆಮೇಲೆ ನೀರೊಲೆಯ ಹತ್ತಿರ ಇದ್ದ ವಜ್ರಿ ತಂದರು. ಅಂಗಾಲಿನ ಒಡಕು ಉಜ್ಜುವ ಆ ಹಿತ್ತಾಳೆಯ ಮುಳ್ಳು ಮುಳ್ಳಿನ ವಜ್ರಿಯಿಂದ ನಿನ್ನ ಹಣೆಯನ್ನೂ ಕೊರಳ ಕೆಳಗೂ ಉಜ್ಜಿದರು. ರಕ್ತ, ಎಣ್ಣೆ, ಬೂದಿ ಕಣ್ಣಿಗೆ ಇಳಿದು ನಿನಗೆ ಏನೂ ಕಾಣುತ್ತಿರಲಿಲ್ಲ. ಹಿಂದಿನಿಂದ ಯಾರೋ ನಿನ್ನ ಎರಡೂ ಮಣಿಕಟ್ಟು ಹಿಡಿದಿದ್ದರು. ಅದು ನನ್ನ ಓರಗಿತ್ತಿ, ಕಾಜಲ ಕಾಕು ಎಂದು ನೀನು ಶುಭಾಂಗಿಗೆ ಹೇಳಿದ್ದೀ. ಆ ಸಂಜೆ ನಾನು ನಿನ್ನ ಮಣಿಕಟ್ಟಿಗೆ ಅರಿಶಿನ ಹಚ್ಚುವಾಗಲೂ ನೀನು "ಕಾಕುಗ ನಾ ಎಂದೂ ಮಾತಾಡ್ಸಂಗಿಲ್ಲ ಅವ್ವಾ" ಎಂದೆ. ಬೆರಳಿನ ಗುರುತುಗಳು ನೀಲಿಗಟ್ಟಿದ್ದವು. ೧೯೯೩ರ ಭೂಕಂಪದ ದಿನ ನನ್ನ ಅವ್ವ ಉಮರ್ಗಾದ ಹತ್ತಿರದ ನಮ್ಮ ಊರಿನಲ್ಲಿ, ಬಿದ್ದ ಗೋಡೆಯ ಮಣ್ಣಿನಿಂದ ನನ್ನನ್ನು ಮಣಿಕಟ್ಟು ಹಿಡಿದು ಎಳೆದಾಗ ಇಂಥವೇ ಗುರುತು ವಾರಗಟ್ಟಲೆ ಇದ್ದವು. ಆಗ ನನಗೆ ಇಪ್ಪತ್ತೆರಡು. ನಾನು ಅವನ್ನು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದೆ.

ಕೊನೆಗೆ ನೀನು ಒಂದು ಹೆಸರು ಹೇಳಿದೆ. ಅವತ್ತು ಬೆಳಿಗ್ಗೆ ನಿನ್ನ ನೋಟ್ಸು ಝೆರಾಕ್ಸ್ ಮಾಡಿಕೊಟ್ಟ ಬಾಳುವಿನ ಹೆಸರು. ಬಾಯಿಗೆ ಬಂದದ್ದು ಅದೊಂದೇ. ಅದಕ್ಕಾಗಿ ನಿನ್ನನ್ನು ನೀನು ಬೈದುಕೊಳ್ಳುತ್ತಿದ್ದೀ ಎಂದು ಶುಭಾಂಗಿ ಹೇಳಿದಳು. ಬೈದುಕೊಳ್ಳಬೇಡ. ಹೆಸರು ಹೇಳಿದ್ದು ಬೆಲ್ಟು.

ಇನ್ನು ಡಾಕ್ಟರ ಹತ್ತಿರದಿಂದ ಬಂದ ದಿನದ ಸಮಾಚಾರ. ಲಾತೂರಿನಿಂದ ಬರುವಾಗ ಗಾಡಿಯಲ್ಲಿ ವೈಭವ ನನ್ನ ಕಿವಿಯ ಹತ್ತಿರ ಬಾಗಿ, "ಅವ್ವಾ, ಅಕ್ಕಗೂ ಇದೇ ಆಗಿತ್ತಲ್ಲ?" ಎಂದ. ಮುಂದಿನ ಸೀಟಿನಲ್ಲಿ ನಿಮ್ಮಪ್ಪನ ಕುತ್ತಿಗೆ ಗಟ್ಟಿಯಾಯಿತು, ತಿರುಗಲಿಲ್ಲ. ಮನೆಗೆ ಬಂದು ಎಲ್ಲರೂ ಊಟಕ್ಕೆ ಕೂತಾಗ ಆಯಿ, "ಏನಂದ್ಳು ಡಾಕ್ಟರ್ ಬಾಯಿ?" ಎಂದರು.

ನಾನು ಎದ್ದು ಹೋಗಿ ವಜ್ರಿ ತಂದು ಅವರ ತಾಟಿನ ಪಕ್ಕ ಇಟ್ಟೆ.

"ಅತ್ತೀ, ಇವನ ಎದಿ ಮ್ಯಾಲೂ ಅದ. ಇವನ ಲಿಂಗ ಏನಂತದ, ಕೇಳ್ರಿ. ಉಜ್ಜರಿ."

"ಹುಚ್ಚ ಹಿಡದದೇನ ನಿಂಗ? ಗಂಡ ಹುಡುಗ, ತಾಲೀಮಿಗಿ ಹೋಗ್ತಾನ, ಬೆವರ್ತಾನ."

"ನಿಮ್ಮ ಮೊಮ್ಮಗಳು ಬೆವರಲ್ಲೇನು? ಉಜ್ಜರಿ ಅಂದ್ರ. ಸೂರ್ಯಕಾಂತ ಪಾಟೀಲರ ಮಗಗೂ ಹೆಸರು ಕೇಳ್ರಿ, ಯಾರಾಕಿ ಅಂತ."

ನಿಮ್ಮಪ್ಪ "ಸುಗಂಧಾ, ಬಾಯಿ ಮುಚ್ಚು" ಎಂದು ಎದ್ದು ಹೊಡೆದ. ಎಡಗಿವಿಯಲ್ಲಿ ಸೀಟಿ ಊದಿದಂತೆ ಆಯಿತು. ಆ ಸೀಟಿ ಎಂಟು ದಿನ ಇತ್ತು. ಗೂಟದಲ್ಲಿ ಬೆಲ್ಟು ತೂಗುತ್ತಿತ್ತು. ಅದನ್ನು ಎಳೆದುಕೊಂಡು ಅವನ ಭುಜದ ಮೇಲೆ ಬೀಸಿದೆ. ಬಕಲ್ ಕಿವಿಯ ಹಿಂದೆ ಬಿದ್ದು ರಕ್ತ ಬಂತು. ಅವನು ನನ್ನ ಜುಟ್ಟು ಹಿಡಿದು ಗೋಡೆಗೆ ಒತ್ತಿದ. ಎಣ್ಣೆಯ ಡಬ್ಬಿ ಉರುಳಿ ಅನ್ನ, ತಾಟು, ಆಯಿಯ ಸೀರೆ ಎಲ್ಲವೂ ಎಣ್ಣೆಯಲ್ಲಿ ತೊಯ್ದವು. ವೈಭವ ನಡುವೆ ಬಂದು ತಾನೇ ಎರಡು ಏಟು ತಿಂದ. "ಅಪ್ಪಾ, ಹೊಡದ್ರ ನಾನೂ ಹೊಡಿತೀನಿ" ಎಂದ. ಅವನ ದನಿ ಒಡೆದಿತ್ತು. ಎಲ್ಲರೂ ಎಣ್ಣೆಯಲ್ಲಿ ಜಾರುತ್ತ ನಿಂತಿದ್ದೆವು. ಅವರ ನಡುವೆ ನಾನು ಬಗ್ಗಿ ಪೂಜೆಯ ಕಪಾಟು ತೆಗೆದು ನಿನ್ನ ಲಿಂಗ ತೆಗೆದುಕೊಂಡೆ.

ನನ್ನ ಕೈ ಈ ಜನ್ಮದಲ್ಲಿ ಎರಡೇ ಸಲ ಇನ್ನೊಬ್ಬರ ಮೇಲೆ ಬಿದ್ದಿದೆ. ಇದು ಎರಡನೆಯದು.

ಬಾಳುವಿನ ಮನೆಗೂ ಹೋಗಿದ್ದೆ, ಕೋಟೆಯ ಹಿಂದಿನ ಗಲ್ಲಿಯಲ್ಲಿ. ನಿಮ್ಮಪ್ಪ ಮತ್ತು ಅವನ ತಮ್ಮ ನಾಗನಾಥ ಕಾಕಾ ಅವತ್ತೇ ಹೋಗಿ ಝೆರಾಕ್ಸ್ ಅಂಗಡಿಯ ಶಟರನ್ನು ಅವನ ಬಲಗೈ ಮೇಲೆ ಎಳೆದಿದ್ದರು ಎಂಬುದು ನಿನಗೆ ಗೊತ್ತು. ಪಟ್ಟಿ ಬಿಚ್ಚಿದ್ದಾರೆ. ಎರಡು ಬೆರಳು ಮಡಚಲು ಬರುವುದಿಲ್ಲ. ನಾನು ಅವನ ತಾಯಿಗೆ ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದೆ. ಆಕೆ ಸೊಪ್ಪು ಸೋಸುತ್ತ ಕೇಳಿ, "ಬಾಯೀ, ನಿಮ್ಮ ಹುಡಿಗಿ ಗುಳ್ಳಿ ಶಾಂಪೂದಾಗ ಹೋಗ್ತಾವ. ನನ್ನ ಮಗನ ಬೆರಳ ಯಾವ ಶಾಂಪೂದಾಗ ಮಡಚ್ತಾವ?" ಎಂದಳು. ಪೊಲೀಸ್ ಠಾಣೆಗೆ ಹೋಗು, ನಾನು ಸಾಕ್ಷಿ ಹೇಳುತ್ತೇನೆ ಎಂದೆ. ಸೊಪ್ಪು ಕೆಳಗಿಟ್ಟು ನನ್ನ ಮುಖ ನೋಡಿದಳು. "ಈಗ ಹೇಳ್ತೀರಿ? ಅವತ್ತ ಎಲ್ಲಿದ್ರಿ?"

ಬಾಳು ಒಳಗಿನಿಂದ "ಅವ್ವಾ, ಹೋಗ್ಲಿ ಬಿಡು" ಎಂದ. ಹೊರಗೆ ಬರಲಿಲ್ಲ. ಆಕೆ ಮೊನ್ನೆ ಠಾಣೆಗೆ ಹೋಗಿ ಅರ್ಜಿ ಬರೆಸಿದ್ದಾಳೆ. ಅದರ ಕೆಳಗೆ ನನ್ನ ಸಹಿಯೂ ಇದೆ. ನಿಮ್ಮಪ್ಪನಿಗೆ ಇನ್ನೂ ಗೊತ್ತಿಲ್ಲ. ನಾಳೆಯೋ ನಾಡಿದ್ದೋ ಗೊತ್ತಾಗುತ್ತದೆ.

ಈಗ ನಿನ್ನ ಪತ್ರಕ್ಕೆ ಉತ್ತರ. "ಅವ್ವಾ, ನೀನು ಬಾ ಅಂದರೆ ಪಂಚಮಿಗೆ ಬರುತ್ತೇನೆ. ಆ ದಿನ ನೀನು ಪರೀಕ್ಷೆಯ ಡ್ಯೂಟಿಗೆ ಹೋಗದೆ ಮನೆಯಲ್ಲಿ ಇದ್ದಿದ್ದರೆ ಹಾಗೆ ಆಗುತ್ತಿರಲಿಲ್ಲ. ನೀನು ಮನೆಯಲ್ಲಿರುವ ದಿನ ನೋಡಿ ಬರುತ್ತೇನೆ" ಎಂದು ಬರೆದಿದ್ದೀ. ಈ ಸಾಲುಗಳನ್ನು ಎಷ್ಟು ಸಲ ಓದಿದೆನೆಂದರೆ ಕಾಗದ ಮಡಿಕೆಯಲ್ಲಿ ಹರಿದಿದೆ. ಆಯಿ ಈಗ, "ಬೂಷ್ಟ ಅಂತಲ್ಲ, ಆಗಿದ್ದು ಆಗಿ ಹೋತು, ಕರಕೊಂಡ ಬರ್ರಿ ಹುಡಿಗಿಗಿ" ಎನ್ನುತ್ತಾರೆ. ಅವರ ಪಾಲಿಗೆ ಲೆಕ್ಕ ತಪ್ಪಿತ್ತು, ಈಗ ಸರಿಯಾಯಿತು.

ಪಂಚಮಿಗೆ ಬರಬೇಡ. ನಾನು ಬಾ ಎನ್ನುವುದಿಲ್ಲ. ಶುಭಾಂಗಿಯ ಮನೆಯಲ್ಲೇ ಇದ್ದು ಬಿ.ಎಸ್ಸಿ. ಮುಗಿಸು. ಅವಳ ಜೊತೆ ಲಾತೂರಿಗೆ ಹೋಗು, ವಿಳಾಸ ಈ ಕಾಗದದ ಹಿಂದೆ ಇದೆ. ನಿನ್ನ ಗಲ್ಲದ ಮೇಲಿನ ಆ ಎರಡು ದೊಡ್ಡವು ಬರೀ ಮೊಡವೆ ಇರಬಹುದು, ಬೂಷ್ಟೂ ಮೊಡವೆಯೂ ಒಂದೇ ಮುಖದಲ್ಲಿ ಇರುತ್ತವಂತೆ, ಅದನ್ನೂ ಕೇಳು. ವೈಭವನ ಕೈಯಲ್ಲಿ ಈ ಕಾಗದದ ಜೊತೆ ನಿನ್ನ ಲಿಂಗ ಕಳಿಸಿದ್ದೇನೆ. ಎಣ್ಣೆ ಕುಡಿದ ಹಳೆಯ ಶಿವದಾರ ಬಿಸಾಡಿ ಹೊಸದು ಹಾಕಿದ್ದೇನೆ. ಕಟ್ಟಿಕೊಳ್ಳುವುದು, ಬಿಡುವುದು ನಿನ್ನ ಇಚ್ಛೆ. ಅದನ್ನು ಯಾರೂ ನಿನ್ನ ಕೊರಳಿನಿಂದ ತೆಗೆಯುವಂತಿಲ್ಲ, ಯಾರೂ ಕೊರಳಿಗೆ ಹಾಕುವಂತೆಯೂ ಇಲ್ಲ.

ನಿನ್ನ ಮೈ ತಣ್ಣಗಿರಲಿ. ನಿನ್ನ ಹಣೆಯನ್ನು ನೀನು ಕನ್ನಡಿಯಲ್ಲಿ ಹೆದರದೆ ನೋಡುವಂತಾಗಲಿ. ಯಾರ ಕೈಯೂ ನಿನ್ನ ಅನುಮತಿಯಿಲ್ಲದೆ ನಿನ್ನನ್ನು ಹಿಡಿಯದಿರಲಿ. ಇದೇ ನನ್ನ ಆಶೀರ್ವಾದ.

ನಿನ್ನ ಅವ್ವ,
ಸುಗಂಧಾ

ತಾ.ಕ.: ಸಹಿ ಹಾಕಿ ಲಕೋಟೆ ಅಂಟಿಸಿದ್ದೆ. ಮತ್ತೆ ಹರಿದಿದ್ದೇನೆ. ಕಾಜಲ ಕಾಕುವಿನ ಮೇಲೆ ಸಿಟ್ಟು ಬಿಡು. ಅವಳು ಅವತ್ತು ಅಡುಗೆಮನೆಯಲ್ಲಿ ಕಿವಿ ಮುಚ್ಚಿಕೊಂಡು ಅಳುತ್ತ ಕೂತಿದ್ದಳು. ಇಷ್ಟು ದಿನ ನಿನ್ನ ಸಿಟ್ಟನ್ನು ಬಾಯಿಬಿಡದೆ ಹೊತ್ತಿದ್ದಾಳೆ. ಪರೀಕ್ಷೆಯ ಡ್ಯೂಟಿ ಅವತ್ತು ಹನ್ನೆರಡಕ್ಕೇ ಮುಗಿದಿತ್ತು. ನಾನು ಹಿತ್ತಲ ಬಾಗಿಲಿನಿಂದ ಬಂದೆ. ಆಯಿ "ಹಿಡಿ ಇಕಿಗಿ" ಎಂದರು. ನಾಲ್ಕು ದಿನದಿಂದ ನನ್ನ ಮನಸ್ಸಿನಲ್ಲೂ ಅನುಮಾನವಿತ್ತು, ಯಾರಿರಬಹುದು ಎಂದು ನಾನೂ ಯೋಚಿಸುತ್ತಿದ್ದೆ. ಹಿಡಿದೆ. ನಿನ್ನ ಅಂಗಿ ಹಿಂದೆ ಹರಿದು ಜಾರಿತ್ತು. ನಿನ್ನ ಬೆನ್ನು ನನ್ನ ಮುಖದ ಎದುರಿಗೇ ಇತ್ತು. ಅದರ ತುಂಬ ಅವೇ ಗುಳ್ಳೆ, ಒಂದೇ ಅಳತೆ. ಅಲ್ಲಿ ಲಿಂಗ ಇಲ್ಲ, ಈಬತ್ತಿ ಇಲ್ಲ. ಆಯಿ ಹೇಳಿದ್ದು ಸುಳ್ಳು ಎಂದು ತಿಳಿಯಲು ನನಗೆ ಯಾವ ಡಾಕ್ಟರೂ ಬೇಕಿರಲಿಲ್ಲ. ಆ ಕ್ಷಣವೇ ತಿಳಿಯಿತು. ತಿಳಿದ ಮೇಲೂ ಕೈ ಬಿಡಲಿಲ್ಲ. ಆ ಸಂಜೆ ಅರಿಶಿನ ಹಚ್ಚುವಾಗ ನನ್ನ ಬೆರಳುಗಳು ನಿನ್ನ ಮಣಿಕಟ್ಟಿನ ಗುರುತುಗಳ ಮೇಲೆ ಸರಿಯಾಗಿ ಕೂತವು. ನೀನು ಕಣ್ಣು ಮುಚ್ಚಿಕೊಂಡು "ಅವ್ವಾ ಬಾ, ಅವ್ವಾ ಬಾ" ಎಂದು ಕೂಗುತ್ತಿದ್ದೆ. ನಾನು ಬಂದಿದ್ದೆ, ಸ್ನೇಹಲ್.